ಕಷ್ಟ ಮನೆಯೊಳಗೇ ಇರುವಾಗ ತಪಸ್ಸು ಕಾಲ ಆಚರಿಸೋದು ಹೇಗೆ?

ಕಿಟಕಿ ಪಕ್ಕ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು. ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ನೇರವಾಗಿ ಹೇಳಿ.

ನಮ್ಮ ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ಅರ್ಧಂಬರ್ಧ. ನೋಡಿಕೊಳ್ಳುವವಳು ನಾನೊಬ್ಬಳೇ. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಪಕ್ಕದ ಮನೆಯವರನ್ನು ಸ್ವಲ್ಪ ಹೊತ್ತು ಕೂರಿಸಿ ಚರ್ಚಿನ ಪೂಜೆಗೆ ಹೋಗಿದ್ದೆ. ಹಣೆಗೆ ಬೂದಿ ಹಚ್ಚಿಸಿಕೊಂಡು ಹೊರಗೆ ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಈ ಸಲ ಏನು ಬಿಡುತ್ತೀರಿ, ಯಾವ ತಪಸ್ಸು ಹಿಡಿದಿದ್ದೀರಿ ಅಂತ. ನನಗೆ ಉತ್ತರವೇ ಬರಲಿಲ್ಲ. ನಿದ್ದೆ ಬಿಟ್ಟಾಯಿತು, ಕೆಲಸ ಬಿಟ್ಟಾಯಿತು, ಗೆಳತಿಯರ ಜೊತೆ ಓಡಾಟ ನಿಂತುಹೋಯಿತು. ಇನ್ನು ಬಿಡೋಕೆ ಏನು ಉಳಿದಿದೆ?

ರಾತ್ರಿ ಅಮ್ಮನ ಹಾಸಿಗೆ ಒದ್ದೆಯಾದರೆ ಅವರನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು, ಹಳೇ ಬಟ್ಟೆ ಎಳೆದು ಹೊಸದನ್ನು ಅರ್ಧ ಹಾಸಬೇಕು, ಆಮೇಲೆ ಈ ಕಡೆಗೆ ಹೊರಳಿಸಿ ಉಳಿದ ಅರ್ಧ ಎಳೆದುಕೊಳ್ಳಬೇಕು. ಅಷ್ಟು ಮಾಡಿ ಜಪಸರ ಕೈಗೆ ತಗೊಂಡರೆ ಮೊದಲ ರಹಸ್ಯ (ಹತ್ತು ಮಣಿಯ ಒಂದು ಸುತ್ತು) ಮುಗಿಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ಎಚ್ಚರ ಇದ್ದಾಗ ಮಾಡುವ ಪ್ರಾರ್ಥನೆಯೂ ಒಣ ಒಣ.

ದೇವರು ತಾನು ಪ್ರೀತಿಸುವವರನ್ನೇ ಪರೀಕ್ಷೆ ಮಾಡೋದು ಅಂತ ಸಮಾಧಾನ ಹೇಳಿದವರು ಬಹಳ ಜನ. ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನನ್ನನ್ನು ಪರೀಕ್ಷೆ ಮಾಡೋಕೆ ಅಮ್ಮನ ಕೈಕಾಲು ಯಾಕೆ ಕಿತ್ತುಕೊಳ್ಳಬೇಕು ಅಂತ ಸಿಟ್ಟು ಬರುತ್ತದೆ. ಕಷ್ಟದಲ್ಲಿ ವಿಶ್ವಾಸ ಬೆಳೆಯುತ್ತದೆ ಅಂತ ಪ್ರತಿ ತಪಸ್ಸು ಕಾಲದಲ್ಲೂ ಪ್ರಬೋಧನೆಯಲ್ಲಿ ಕೇಳುತ್ತೇವೆ. ನಿಜವಾಗಲೂ ಬೆಳೆಯುತ್ತದಾ? ಬೆಳೆದಿದೆ ಅಂತ ನಮಗೆ ಗೊತ್ತಾಗೋದು ಹೇಗೆ?

ಶಿಲುಬೆ ಹಾದಿ ವಾಚಕ

ಅಕ್ಕ, ಮೊದಲು ಒಂದು ಮಾತು. ನೀವು ಇನ್ನೊಂದು ತಪಸ್ಸು ಹುಡುಕಬೇಕಾಗಿಲ್ಲ. ಇದು ನಿಮ್ಮನ್ನು ಸಮಾಧಾನ ಮಾಡೋಕೆ ಹೇಳುತ್ತಿರುವ ಮಾತಲ್ಲ, ಧರ್ಮಸಭೆಯೇ (ಕಥೋಲಿಕ ಚರ್ಚ್) ಹೇಳಿರುವ ಮಾತು. ಉಪವಾಸದ ನಿಯಮಗಳನ್ನು ಈಗಿನ ರೂಪಕ್ಕೆ ತಂದದ್ದು ಪೋಪ್ ಆರನೇ ಪೌಲರು, 1966ರ ಫೆಬ್ರವರಿಯಲ್ಲಿ. ಆ ದಾಖಲೆಯಲ್ಲಿ ಮಾಂಸ ಬಿಡುವುದು, ಊಟ ಕಡಿಮೆ ಮಾಡುವುದು ಇವೆಲ್ಲ ಆಮೇಲೆ ಬರುತ್ತವೆ. ಅದಕ್ಕೂ ಮೊದಲು ಅವರು ಒತ್ತಿ ಹೇಳಿದ್ದು ಬೇರೆ. ನಮ್ಮ ನಮ್ಮ ಬದುಕಿನ ಕರ್ತವ್ಯವನ್ನು ಬಿಡದೆ ಮಾಡುವುದು, ಕೆಲಸದಿಂದ ಮತ್ತು ಜೊತೆಗಿರುವವರಿಂದ ಬರುವ ತೊಂದರೆಯನ್ನು ಒಪ್ಪಿಕೊಳ್ಳುವುದು, ಬದುಕಿನ ಕಷ್ಟಗಳನ್ನು ತಾಳಿಕೊಳ್ಳುವುದು, ಇದೇ ಮೊದಲ ತಪಸ್ಸು ಅಂತ. ಹಾಸಿಗೆ ಬಟ್ಟೆ ಬದಲಾಯಿಸುವುದು ಅದರಲ್ಲಿ ಬರುವುದಿಲ್ಲ ಅಂದರೆ ಇನ್ನೇನು ಬರುತ್ತದೆ ಹೇಳಿ.

ಉಪವಾಸದ ಕಟ್ಟುನಿಟ್ಟಿನ ದಿನಗಳು ಎರಡೇ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. 18 ತುಂಬಿದವರಿಂದ 59ರವರೆಗಿನವರಿಗೆ ಮಾತ್ರ. ಶಕ್ತಿ ಇಲ್ಲದಿದ್ದರೆ, ಸರಿಯಾದ ಕಾರಣ ಇದ್ದರೆ, ಧರ್ಮಕೇಂದ್ರದ, ಅಂದರೆ ನಿಮ್ಮ ಊರಿನ ಚರ್ಚಿನ ಗುರುಗಳೇ ವಿನಾಯಿತಿ ಕೊಡಬಹುದು, ಇಲ್ಲವೇ ಅದರ ಬದಲು ಬೇರೆ ಪುಣ್ಯಕಾರ್ಯ ಹೇಳಬಹುದು. ಫೋನಲ್ಲೇ ಕೇಳಿ, ಸಂಕೋಚ ಬೇಡ.

ಇನ್ನೊಂದು. ಬೈಬಲಿನಲ್ಲಿ ನಲವತ್ತು ದಿನ ಅಂದ ಕೂಡಲೇ ನಮಗೆ ಯೇಸು ಸ್ವಾಮಿ ಮರುಭೂಮಿಯಲ್ಲಿದ್ದದ್ದು ನೆನಪಾಗುತ್ತದೆ. ನನಗೆ ಪ್ರವಾದಿ ಎಲೀಯನ ನಲವತ್ತು ದಿನ ಇನ್ನೂ ಹತ್ತಿರ. ಅರಸರ ಮೊದಲನೇ ಗ್ರಂಥ, ಅಧ್ಯಾಯ 19. ರಾಣಿ ಕೊಲ್ಲಿಸುತ್ತೇನೆ ಅಂದಾಗ ಓಡಿಹೋಗಿ ಒಂದು ಗಿಡದ ಕೆಳಗೆ ಕೂತು, ಸಾಕು ಸ್ವಾಮಿ, ನನ್ನ ಪ್ರಾಣ ತಗೊಂಡುಬಿಡು ಅನ್ನುತ್ತಾನೆ. ದೇವರು ಅವನಿಗೆ ಉಪದೇಶ ಮಾಡಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತು ಅಂತ ಗದರಲಿಲ್ಲ. ಅವನು ಮಲಗಿದ. ದೂತ ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ರೊಟ್ಟಿ ಇತ್ತು, ನೀರು ಇತ್ತು. ತಿಂದು ಮತ್ತೆ ಮಲಗಿದ. ದೂತ ಇನ್ನೊಮ್ಮೆ ಎಬ್ಬಿಸಿ, ನಿನ್ನ ಶಕ್ತಿಗೆ ಮೀರಿದ ದಾರಿ ಇದೆ, ತಿನ್ನು ಅಂದ. ಹೋರೇಬ್ ಬೆಟ್ಟಕ್ಕೆ ನಲವತ್ತು ದಿನದ ನಡಿಗೆ ಶುರುವಾಗುವುದು ಅದಾದ ಮೇಲೆ. ಜಪಸರ ಹಿಡಿದು ನಿದ್ದೆ ಹೋದೆ ಅಂತ ಬೇಜಾರು ಮಾಡಿಕೊಳ್ಳುವವರು ಆ ಅಧ್ಯಾಯ ಒಮ್ಮೆ ಓದಬೇಕು.

ಎರಡನೇ ಪೂಜೆ

ವಾಚಕರು ಹೇಳಿದ್ದು ಸರಿ. ಆದರೂ ಒಂದು ಚಿಕ್ಕ ಭಿನ್ನಾಭಿಪ್ರಾಯ ಇದೆ.

ಕಷ್ಟ ಬಂದ ಮಾತ್ರಕ್ಕೆ ಅದು ತಾನಾಗಿ ತಪಸ್ಸು ಆಗಿಬಿಡುವುದಿಲ್ಲ. ಕಷ್ಟ ಮನುಷ್ಯನನ್ನು ಕಹಿ ಮಾಡಲೂಬಹುದು. ಅದನ್ನು ದೇವರ ಕಡೆ ತಿರುಗಿಸುವ ಒಂದು ಸಣ್ಣ ಕೆಲಸ ನಮ್ಮಿಂದ ಆಗಬೇಕು. ಸಣ್ಣದು ಸಾಕು. ಬೆಳಿಗ್ಗೆ ಎದ್ದಾಗ ಇವತ್ತಿನದು ನಿನಗೆ ಸ್ವಾಮಿ ಅಂತ ಒಂದು ಮಾತು ಅಂದರೂ ಆಯಿತು. ಹಾಗೇನೂ ಅನ್ನದೆ ಬರೀ ಹಲ್ಲು ಕಚ್ಚಿಕೊಂಡು ದಿನ ದೂಡಿದಾಗ ನನಗೆ ಏನಾಯಿತು ಅಂತ ಹೇಳುತ್ತೇನೆ.

ನಾನಿದ್ದ ಕಂಪನಿ ಮುಚ್ಚಿತು. ನಲವತ್ತು ದಾಟಿದವನಿಗೆ ಬೇರೆ ಕೆಲಸ ಬೇಗ ಸಿಗಲಿಲ್ಲ. ಅದಕ್ಕೂ ಮೊದಲು ನಾನು ನಮ್ಮ ಧರ್ಮಕೇಂದ್ರದ ವಿನ್ಸೆಂಟ್ ದಿ ಪೌಲ್ ಸಭೆಯಲ್ಲಿದ್ದೆ. ಪ್ಯಾರಿಸ್ಸಿನಲ್ಲಿ 1833ರಲ್ಲಿ ಫ್ರೆಡೆರಿಕ್ ಒಝನಾಂ ಮತ್ತು ಅವರ ಗೆಳೆಯರು ಶುರು ಮಾಡಿದ ಸಭೆ ಅದು, ಅವರಲ್ಲಿ ಬಹುಪಾಲು ವಿದ್ಯಾರ್ಥಿಗಳೇ. ಬಡವರ ಮನೆಗೆ ನಾವೇ ಹೋಗಿ ಕೂತು ಮಾತಾಡಿ ಸಹಾಯ ಮಾಡಬೇಕು ಅನ್ನೋದು ಅದರ ಪದ್ಧತಿ. ಎಷ್ಟೋ ಮನೆಗೆ ಹೋಗಿದ್ದೆ. ಕೆಲಸ ಹೋದ ಮೇಲೆ ಅದೇ ಸಭೆಯ ಇಬ್ಬರು ನಮ್ಮ ಬಾಗಿಲಿಗೆ ಬಂದರು. ನನ್ನ ಜೊತೆಗೇ ಮನೆ ಮನೆಗೆ ಬರುತ್ತಿದ್ದವರು. ಅವರು ಲಕೋಟೆಯನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲಿದ್ದ ಪತ್ರಿಕೆಯ ಕೆಳಗೆ ಸರಿಸಿಟ್ಟರು. ಆಮೇಲೆ ಬೇರೆ ಮಾತು ತೆಗೆದರು. ನಾನು ಹೊಸಬರಿಗೆ ಕಲಿಸಿದ್ದೂ ಅದನ್ನೇ, ಪಡೆಯುವವರ ಮಾನ ಉಳಿಯುವ ಹಾಗೆ ಕೊಡಿ ಅಂತ.

ಪ್ರಾರ್ಥನೆ, ಉಪವಾಸ, ದಾನಧರ್ಮ ಅಂತ ತಪಸ್ಸು ಕಾಲದ ಮೂರು ಕಂಬಗಳನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದೇವೆ. ಮತ್ತಾಯನ ಆರನೇ ಅಧ್ಯಾಯ, ಬೂದಿ ಬುಧವಾರದ ಶುಭಸಂದೇಶ. ದಾನ ಅಂದರೆ ಕೊಡುವುದು ಅಂತ ಮಾತ್ರ ತಿಳಿದಿದ್ದೆ. ತೆಗೆದುಕೊಳ್ಳುವಾಗ ಎಷ್ಟು ಬಗ್ಗಬೇಕು, ಒಳಗಿನ ಜಂಬ ಎಷ್ಟು ಕರಗಬೇಕು ಅನ್ನೋದು ಆ ವರ್ಷ ಗೊತ್ತಾಯಿತು. ನನ್ನ ಮಟ್ಟಿಗೆ ಬೆಳವಣಿಗೆ ಅಂದರೆ ಅದೇ. ಅಕ್ಕ, ಪಕ್ಕದ ಮನೆಯವರನ್ನು ಕೂರಿಸಿ ಪೂಜೆಗೆ ಹೋದೆ ಅಂದಿರಲ್ಲ, ಹಾಗೆ ಸಹಾಯ ಕೇಳುವುದನ್ನು ಇನ್ನೂ ಜಾಸ್ತಿ ಮಾಡಿ. ಅದೂ ತಪಸ್ಸೇ.

ಜ್ಞಾನೋಪದೇಶದ ಟೀಚರ್

ದೇವರು ಪರೀಕ್ಷೆ ಮಾಡುತ್ತಾನೆ ಅನ್ನುವ ಮಾತಿಗೆ ಬರುತ್ತೇನೆ. ಮಕ್ಕಳು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು. ದೊಡ್ಡವರ ಮನಸ್ಸಲ್ಲೂ ಇರುತ್ತದೆ, ಕೇಳೋದಿಲ್ಲ ಅಷ್ಟೇ.

ತಪಸ್ಸು ಕಾಲದ ಭಾನುವಾರದ ವಾಚನಗಳೇ ಇದಕ್ಕೆ ಉತ್ತರ ಕೊಡುತ್ತವೆ. ವಾಚನಗಳು ಎ, ಬಿ, ಸಿ ಅಂತ ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ, ಅಲ್ವಾ. ಎ ವರ್ಷದ ನಾಲ್ಕನೇ ಭಾನುವಾರ ಹುಟ್ಟುಕುರುಡನ ಕಥೆ, ಯೊವಾನ್ನ 9. ಇವನು ಕುರುಡನಾಗಿ ಹುಟ್ಟೋಕೆ ಯಾರ ಪಾಪ ಕಾರಣ, ಇವನದಾ, ಇವನ ತಂದೆತಾಯಿಯದಾ ಅಂತ ಶಿಷ್ಯರು ಕೇಳುತ್ತಾರೆ. ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಅಂತಾರೆ ಯೇಸು. ಸಿ ವರ್ಷದ ಮೂರನೇ ಭಾನುವಾರ ಲೂಕ 13. ಸಿಲೋವದ ಗೋಪುರ ಕುಸಿದು ಹದಿನೆಂಟು ಜನ ಸತ್ತಿದ್ದರು. ಅವರೇನು ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ಅಪರಾಧಿಗಳಾ ಅಂತ ಯೇಸುವೇ ಕೇಳುತ್ತಾರೆ, ಖಂಡಿತ ಅಲ್ಲ ಅಂತ ತಾವೇ ಹೇಳುತ್ತಾರೆ. ಸತ್ತವರ ಲೆಕ್ಕ ಹಾಕೋದು ಬಿಟ್ಟು ನೀವು ಪಶ್ಚಾತ್ತಾಪಪಡಿ ಅನ್ನೋದು ಅಲ್ಲಿನ ಮುಂದಿನ ಮಾತು.

ಯಕೋಬನ ಪತ್ರದಲ್ಲಿ ಎರಡೂ ಇದೆ. ಪರಿಶೋಧನೆಯಿಂದ ತಾಳ್ಮೆ ಹುಟ್ಟುತ್ತದೆ ಅಂತ ಮೊದಲ ಅಧ್ಯಾಯದ ಶುರುವಿನಲ್ಲೇ ಇದೆ. ಅದೇ ಅಧ್ಯಾಯದ 13ನೇ ವಚನದಲ್ಲಿ, ಶೋಧನೆಗೆ ಒಳಗಾದವನು ದೇವರೇ ನನ್ನನ್ನು ಶೋಧಿಸುತ್ತಿದ್ದಾನೆ ಅನ್ನಬಾರದು ಅಂತಲೂ ಇದೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಕಷ್ಟದೊಳಗಿಂದ ದೇವರು ಒಳ್ಳೆಯದನ್ನು ತೆಗೆಯಬಲ್ಲ. ಹಾಗಂತ ನಿಮಗೆ ಪಾಠ ಕಲಿಸೋಕೆ ನಿಮ್ಮ ಅಮ್ಮನಿಗೆ ರೋಗ ಕಳಿಸಿದ ಅಂತಲ್ಲ. ನಿಮ್ಮ ಸಿಟ್ಟು ತಪ್ಪಲ್ಲ ಅಂತ ನನ್ನ ಅಭಿಪ್ರಾಯ. ಎ ವರ್ಷದ ಐದನೇ ಭಾನುವಾರದ ಲಾಜರನ ಕಥೆಯಲ್ಲಿ ಮಾರ್ತಾ ಯೇಸುವಿಗೆ ಎದುರಾಗಿ, ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅನ್ನುತ್ತಾಳಲ್ಲ, ಅದರಲ್ಲಿ ಸಿಟ್ಟು ಇಲ್ಲ ಅಂತ ಯಾರು ಹೇಳುತ್ತಾರೆ? ಅವಳ ವಿಶ್ವಾಸದ ನಿವೇದನೆಯೂ ಅದೇ ಮಾತುಕತೆಯಲ್ಲೇ ಬರುತ್ತದೆ. ಅವಳು ಸುಮ್ನೆ ಒಳಗೇ ಕೂತಿದ್ದರೆ ಬರುತ್ತಿರಲಿಲ್ಲ.

ಹಿಂದಿನ ಬೆಂಚು

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನಾನು ಒಂದು ಕಠಿಣ ಮಾತು ಹೇಳಲೇಬೇಕು. ಕಷ್ಟದಲ್ಲಿ ಬೆಳವಣಿಗೆ ಅಂತ ಮಾತು ಶುರುವಾದಾಗ ಇದನ್ನು ಯಾರೂ ಎತ್ತೋದಿಲ್ಲ.

ಎಲ್ಲ ಕಷ್ಟವೂ ಹೊರಬೇಕಾದ ಶಿಲುಬೆ ಅಲ್ಲ. ನನ್ನ ಗಂಡ ಕುಡಿದು ಹೊಡೆಯುತ್ತಿದ್ದ. ಇದು ನಿನ್ನ ಶಿಲುಬೆ, ಹೊತ್ತುಕೋ, ತಪಸ್ಸು ಕಾಲದಲ್ಲಿ ಯೇಸುವಿನ ಪಾಡುಗಳ ಜೊತೆ ಸೇರಿಸಿ ಒಪ್ಪಿಸು ಅಂತ ಮನೆಯ ಹಿರಿಯರು ಹೇಳಿದರು. ಬಹಳ ಕಾಲ ಹಾಗೇ ಮಾಡಿದೆ. ಆಮೇಲೆ ಪಾಪ ನಿವೇದನೆಯಲ್ಲಿ ಒಬ್ಬ ಗುರುಗಳು ನಿಲ್ಲಿಸಿ ಕೇಳಿದರು, ಅಮ್ಮಾ, ನೀನು ನಿನ್ನ ಪಾಪ ಹೇಳುತ್ತಿದ್ದೀಯೋ, ಅವನ ಪಾಪ ಹೇಳುತ್ತಿದ್ದೀಯೋ? ಮಕ್ಕಳನ್ನು ಕರೆದುಕೊಂಡು ಮೊದಲು ಸುರಕ್ಷಿತ ಜಾಗಕ್ಕೆ ಹೋಗು ಅಂದರು.

ಧರ್ಮಸಭೆಯ ಕಾನೂನಿನಲ್ಲೇ ಇದು ಇದೆ. 1983ರ ಕಾನೂನು ಸಂಹಿತೆಯ 1153ನೇ ವಿಧಿ. ಗಂಡ ಅಥವಾ ಹೆಂಡತಿಯಿಂದ ಜೀವಕ್ಕೋ ಆತ್ಮಕ್ಕೋ, ಇಲ್ಲ ಮಕ್ಕಳಿಗೋ ಗಂಭೀರ ಅಪಾಯ ಇದ್ದರೆ ಬೇರೆ ಇರೋಕೆ ಅದು ನ್ಯಾಯವಾದ ಕಾರಣ. ತಡ ಮಾಡಿದರೆ ಅಪಾಯ ಅನ್ನಿಸಿದರೆ ಅನುಮತಿಗೆ ಕಾಯಬೇಕಾಗಿಯೂ ಇಲ್ಲ. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಬಗ್ಗೆ ಬರೆದ ಪತ್ರದಲ್ಲಿ, ಕೆಲವು ಸಲ ಬೇರೆಯಾಗುವುದು ನೈತಿಕವಾಗಿಯೇ ಅಗತ್ಯ ಅಂತ ಹೇಳಿದ್ದಾರೆ.

ಯೇಸು ಶಿಲುಬೆ ಹೊತ್ತದ್ದು ನಿಜ. ಆದರೆ ಅದಕ್ಕೂ ಮೊದಲು ಜನ ಕಲ್ಲು ಎತ್ತಿಕೊಂಡಾಗ ಅವರು ಮರೆಯಾಗಿ ದೇವಾಲಯದಿಂದ ಹೊರಟುಹೋದರು, ಬೆಟ್ಟದಿಂದ ತಳ್ಳೋಕೆ ಬಂದಾಗ ಅವರ ನಡುವಿನಿಂದಲೇ ನಡೆದು ಹೋದರು, ಲಾಜರನನ್ನು ಎಬ್ಬಿಸಿದ ಮೇಲೆ ಕೊಲ್ಲುವ ಸಂಚು ನಡೆದಾಗ ಬಹಿರಂಗವಾಗಿ ಓಡಾಡುವುದನ್ನು ನಿಲ್ಲಿಸಿದರು. ತಮ್ಮ ಸಮಯ ಬರುವ ತನಕ ತಪ್ಪಿಸಿಕೊಂಡರು. ಹೊಡೆತ ತಿನ್ನುತ್ತಾ ಕೂರೋದು ಸಾತ್ವಿಕತೆ ಅಂತ ಯಾರಾದರೂ ಹೇಳಿದರೆ ಈ ಭಾಗಗಳನ್ನು ತೋರಿಸಿ.

ಕಿಟಕಿ ಪಕ್ಕದ ತಂಗಿಗೆ ಇದು ಸಂಬಂಧಿಸಿದ್ದಲ್ಲ, ಗೊತ್ತು. ಆದರೆ ಇಲ್ಲಿ ಓದುತ್ತಿರುವ ಇನ್ಯಾರಿಗಾದರೂ ಬೇಕಾಗಬಹುದು. ನಾನು ಬೆಳೆದದ್ದು ಏಟು ತಿಂದದ್ದರಿಂದ ಅಲ್ಲ. ಅಲ್ಲಿಂದ ಹೊರಗೆ ಬಂದು, ಕ್ಷಮಿಸೋದು ಅಂದರೆ ವಾಪಸ್ ಹೋಗೋದಲ್ಲ ಅಂತ ತಿಳಿದು, ದ್ವೇಷ ಬಿಡೋಕೆ ಪ್ರತಿ ತಪಸ್ಸು ಕಾಲದಲ್ಲೂ ಸ್ವಲ್ಪ ಸ್ವಲ್ಪ ಕಲಿಯುತ್ತಾ ಬೆಳೆದೆ. ಇನ್ನೂ ಕಲಿಯುತ್ತಿದ್ದೇನೆ.

ಕಿಟಕಿ ಪಕ್ಕ

ಹಿಂದಿನ ಬೆಂಚಿನ ಅಕ್ಕ, ಇದನ್ನು ಬರೆದದ್ದಕ್ಕೆ ತುಂಬಾ ಧನ್ಯವಾದ. ನನಗೆ ಗೊತ್ತಿರುವ ಒಬ್ಬರಿಗೆ ಇದನ್ನು ಓದಿ ಹೇಳುತ್ತೇನೆ.

ಎಲೀಯನ ಅಧ್ಯಾಯ ಅಮ್ಮನಿಗೆ ಗಟ್ಟಿಯಾಗಿ ಓದಿದೆ. ದೂತ ಎರಡನೇ ಸಲ ಎಬ್ಬಿಸುವ ಕಡೆ ಅಮ್ಮ ಎಡಗೈಯಿಂದ ನನ್ನ ತಟ್ಟೆ ತೋರಿಸಿದರು. ನಾನು ಇನ್ನೂ ಊಟ ಮಾಡಿರಲಿಲ್ಲ.

ಒಂದು ವಿಷಯ ಮಾತ್ರ ಇನ್ನೂ ಚುಚ್ಚುತ್ತಿದೆ. ಆಯಾಸ ಅರ್ಥವಾಗುತ್ತದೆ. ಆದರೆ ಪ್ರಾರ್ಥನೆ ಒಣಗಿದೆ ಅಂದೆನಲ್ಲ, ಅದು ಬರೀ ನಿದ್ದೆಗೇಡಿನಿಂದ ಅಲ್ಲ. ದೇವರು ಇದ್ದಾನೆ ಅಂತಲೇ ಅನ್ನಿಸುವುದಿಲ್ಲ. ಮಾತಾಡಿದರೆ ಆ ಕಡೆ ಯಾರೂ ಇಲ್ಲದ ಹಾಗೆ. ಇದು ಬೆಳವಣಿಗೆಯಾ, ವಿಶ್ವಾಸ ಹೋಗುತ್ತಿರುವ ಲಕ್ಷಣವಾ?

ಗಾಯನ ಮಂಡಳಿ, ಕೊನೆ ಸಾಲು

ಮಗಳೇ, ನನ್ನ ವಯಸ್ಸು ನೋಡಿ ಹೀಗೆ ಕರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ.

ಫ್ರಾನ್ಸಿನ ಸನ್ಯಾಸಿನಿ, ಲಿಸಿಯೂವಿನ ಸಂತ ತೆರೇಸಾಳನ್ನು ಹೂವಿನ ಚಿತ್ರದ ಜೊತೆ ಎಲ್ಲರೂ ನೋಡಿದ್ದೇವೆ. ಆಕೆಗೆ ಆದದ್ದು ಕೇಳು. 1896ರಲ್ಲಿ ಪವಿತ್ರ ಗುರುವಾರ ಕಳೆದು ಶುಭ ಶುಕ್ರವಾರ ಬರುವ ರಾತ್ರಿ ಆಕೆಗೆ ಮೊದಲ ಸಲ ಬಾಯಲ್ಲಿ ರಕ್ತ ಬಂತು. ಕ್ಷಯ. ಆ ಪಾಸ್ಖ (ಈಸ್ಟರ್) ಕಾಲದಲ್ಲೇ ಮನಸ್ಸಿಗೂ ಕತ್ತಲು ಕವಿಯಿತು. ಸ್ವರ್ಗ ಇದೆ ಅನ್ನುವ ಭಾವನೆಯೇ ಹೋಯಿತು. 1897ರ ಸೆಪ್ಟೆಂಬರ್ 30ರಂದು, 24ನೇ ವಯಸ್ಸಿಗೆ ತೀರಿಕೊಳ್ಳುವ ತನಕ ಆ ಕತ್ತಲು ಸರಿಯಲಿಲ್ಲ. ಆಕೆ ಆಗ ಮಾಡಿದ್ದು ಏನು ಗೊತ್ತಾ? ವಿಶ್ವಾಸದ ಕ್ರಿಯೆಗಳನ್ನು ಮೊದಲಿಗಿಂತ ಜಾಸ್ತಿ ಮಾಡಿದಳು. ಭಾವನೆ ಇರಲಿಲ್ಲ, ನಿರ್ಧಾರ ಇತ್ತು. ಮದರ್ ತೆರೇಸಾ ಅವರ ಪತ್ರಗಳು ಅವರು ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ ಪ್ರಕಟವಾದಾಗ ಅವರೂ ದಶಕಗಳ ಕಾಲ ಇಂಥದ್ದೇ ಕತ್ತಲಲ್ಲಿ ಇದ್ದರು ಅಂತ ತಿಳಿಯಿತು. ಅಷ್ಟೂ ಕಾಲ ಅವರು ಬೆಳಗಿನ ಪ್ರಾರ್ಥನೆ ಬಿಡಲಿಲ್ಲ, ರೋಗಿಗಳನ್ನು ಬಿಡಲಿಲ್ಲ.

ಲೊಯೋಲದ ಸಂತ ಇಗ್ನೇಷಿಯಸರ ಒಂದು ನಿಯಮ ನನ್ನ ಕೈ ಹಿಡಿದಿದೆ. ಮನಸ್ಸು ಒಣಗಿ ಕತ್ತಲಾದಾಗ, ಅದಕ್ಕೂ ಮೊದಲು ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಾಯಿಸಬೇಡ. ಅಷ್ಟೇ ನಿಯಮ. ನನ್ನ ಹೆಂಡತಿ ತೀರಿಕೊಂಡದ್ದು ತಪಸ್ಸು ಕಾಲದ ನಡುವೆ. ಗಾಯನ ಮಂಡಳಿ ಬಿಟ್ಟುಬಿಡೋಣ ಅನ್ನಿಸಿತು. ಈ ನಿಯಮ ನೆನಪಾಗಿ, ಪಾಸ್ಖ ಮುಗಿಯುವ ತನಕ ಯಾವ ತೀರ್ಮಾನವೂ ಬೇಡ ಅಂತ ಸುಮ್ಮನಾದೆ.

ಈ ಕಾಲದಲ್ಲಿ ನಮ್ಮ ದೈವಾರಾಧನೆ ಎಷ್ಟು ದಯೆಯಿಂದ ಇರುತ್ತದೆ ಅನ್ನೋದು ಆಗ ತಿಳಿಯಿತು. ಅಲ್ಲೆಲೂಯ ಇಲ್ಲ. ಪೀಠಕ್ಕೆ ಹೂವಿಲ್ಲ. ವಾದ್ಯ ಹಾಡಿಗೆ ಆಸರೆ ಕೊಡೋಕೆ ಮಾತ್ರ. ನಗು ಅಂತ ಯಾರೂ ನನ್ನನ್ನು ಒತ್ತಾಯ ಮಾಡಲಿಲ್ಲ. ಕೀರ್ತನೆ 88 ಓದಿ ನೋಡು ಮಗಳೇ. ಉಳಿದ ಶೋಕಗೀತೆಗಳಲ್ಲಿ ಬಹುಪಾಲು ಕೊನೆಗೆ ಹೇಗೋ ಸ್ತುತಿಗೆ ತಿರುಗುತ್ತವೆ, ಇದು ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಬೈಬಲಿನಿಂದ ತೆಗೆದುಹಾಕಲಿಲ್ಲ. ದೇವರು ಇಲ್ಲ ಅನ್ನಿಸಿದಾಗಲೂ ಆ ಮಾತನ್ನು ದೇವರಿಗೇ ಹೇಳಬಹುದು ಅಂತ ತಾನೇ ಅರ್ಥ.

ಪಾಸ್ಖ ಜಾಗರಣೆಯ ರಾತ್ರಿ ಗುರುಗಳು ಅಲ್ಲೆಲೂಯ ಎತ್ತಿದರು. ಮೂರು ಸಲ, ಪ್ರತಿ ಸಲ ಒಂದು ಸ್ವರ ಮೇಲೆ. ನನಗೆ ಗಂಟಲು ಏಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗ ನನ್ನ ಪುಸ್ತಕದ ಅಂಚು ಹಿಡಿದುಕೊಂಡು ನನ್ನ ಪಾಲಿನದನ್ನೂ ಸೇರಿಸಿ ಹಾಡಿದ. ನಿನ್ನ ವಿಶ್ವಾಸ ಹೋಗುತ್ತಿಲ್ಲ ಮಗಳೇ. ನಿನ್ನ ಪಾಲಿನದನ್ನು ಈಗ ಬೇರೆಯವರು ಹಾಡುತ್ತಿದ್ದಾರೆ. ಧರ್ಮಕೇಂದ್ರ ಇರೋದೇ ಅದಕ್ಕೆ.

ಕಾಲೇಜು ಯುವಕ

ಅಜ್ಜ ಬರೆದದ್ದು ಓದಿ ಧೈರ್ಯ ಬಂತು, ನಾನೂ ಕೇಳುತ್ತೇನೆ. ಕಳೆದ ವರ್ಷದಿಂದ ನನಗೆ ಖಿನ್ನತೆ ಇದೆ, ಮಾತ್ರೆ ತಗೊಳ್ಳುತ್ತಿದ್ದೇನೆ. ಪ್ರಾರ್ಥನಾ ಕೂಟದಲ್ಲಿ ಒಬ್ಬರು, ವಿಶ್ವಾಸ ಗಟ್ಟಿ ಇದ್ದರೆ ಮಾತ್ರೆ ಬೇಕಾಗಿಲ್ಲ, ಇದು ನಿನ್ನ ಆತ್ಮದ ಕತ್ತಲ ರಾತ್ರಿ, ಈ ತಪಸ್ಸು ಕಾಲದಲ್ಲಿ ಮಾತ್ರೆ ಬಿಟ್ಟು ಉಪವಾಸ ಹಿಡಿ ಅಂದರು. ಏನು ಮಾಡಲಿ?

ರಾತ್ರಿ ಪಾಳಿ

ತಮ್ಮಾ, ಮಾತ್ರೆ ಬಿಡಬೇಡ. ನಾನು ನರ್ಸ್. ಈ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಕಳವಳ ಬರಬಹುದು, ಖಿನ್ನತೆಯೂ ಮರುಕಳಿಸಬಹುದು. ಉಪವಾಸದ ಬಗ್ಗೆಯೂ ಡಾಕ್ಟರನ್ನು ಕೇಳಿಯೇ ಮಾಡು. ಹೇಳಿದವರ ಉದ್ದೇಶ ಏನೇ ಇರಲಿ, ಆ ಸಲಹೆ ಅಪಾಯದ್ದು.

ನಮ್ಮ ಬೈಬಲಿನಲ್ಲೇ ಸಿರಾಖನ ಗ್ರಂಥ ಅಧ್ಯಾಯ 38 ಇದೆ. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದು, ಭೂಮಿಯಿಂದ ಔಷಧ ಹುಟ್ಟಿಸಿದ್ದೂ ದೇವರೇ, ಬುದ್ಧಿವಂತ ಅದನ್ನು ತಳ್ಳಿಹಾಕುವುದಿಲ್ಲ ಅಂತ. ಅದೇ ಅಧ್ಯಾಯದಲ್ಲಿ, ರೋಗ ಬಂದಾಗ ದೇವರಿಗೆ ಪ್ರಾರ್ಥಿಸು, ವೈದ್ಯನಿಗೂ ಜಾಗ ಕೊಡು ಅಂತ ಎರಡನ್ನೂ ಜೊತೆಗೇ ಹೇಳಿದೆ.

ಕತ್ತಲ ರಾತ್ರಿ ಅನ್ನೋದು ಶಿಲುಬೆಯ ಸಂತ ಯೊವಾನ್ನರ ಮಾತು. ಅವರು ಸ್ಪೇನಿನ ಟೊಲೆಡೊದಲ್ಲಿ 1577ರ ಡಿಸೆಂಬರಿನಿಂದ 1578ರ ಆಗಸ್ಟ್ ತನಕ ಸೆರೆಯಲ್ಲಿದ್ದರು, ತಮ್ಮ ಸನ್ಯಾಸಿ ಸಭೆಯವರೇ ಹಿಡಿದು ಇಟ್ಟಿದ್ದರು. ಪ್ರಾರ್ಥನೆಯಲ್ಲಿ ಒಣಗಿದ ಭಾವ ಬಂದರೆ ಅದು ದೇವರಿಂದಲೋ, ದೇಹದ ಅಸ್ವಸ್ಥತೆಯಿಂದಲೋ ಅಂತ ಬೇರ್ಪಡಿಸಿ ನೋಡಬೇಕು ಅಂತ ಅವರೇ ಬರೆದಿದ್ದಾರೆ. ಎರಡೂ ಒಟ್ಟಿಗೆ ಇರಬಹುದು ಅಂತಲೂ ಹೇಳಿದ್ದಾರೆ. ಹಾಗಾಗಿ ಖಿನ್ನತೆಗೆ ಡಾಕ್ಟರು, ಪ್ರಾರ್ಥನೆಗೆ ಒಬ್ಬ ಒಳ್ಳೆಯ ಆಧ್ಯಾತ್ಮಿಕ ಮಾರ್ಗದರ್ಶಿ. ಇಬ್ಬರಿಗೂ ಪೂರ್ತಿ ವಿಷಯ ಗೊತ್ತಿರಲಿ. ಸಾಯುವ ಯೋಚನೆ ಬಂದರೆ ಬೆಳಗಾಗುವ ತನಕ ಕಾಯಬೇಡ, ಆಗಲೇ ಮನೆಯವರಿಗೆ ಹೇಳು, ಆಸ್ಪತ್ರೆಗೆ ಬಾ.

ಬೆಳವಣಿಗೆ ಗೊತ್ತಾಗೋದು ಹೇಗೆ ಅಂತ ಮೇಲೆ ಕೇಳಿದ್ದರು. ವಾರ್ಡಿನಲ್ಲಿ ನೋಡಿದ್ದು ಹೇಳುತ್ತೇನೆ. ದೊಡ್ಡ ದೊಡ್ಡ ಪ್ರಾರ್ಥನೆ ಹೇಳುವ ರೋಗಿಗಳೂ ಇರುತ್ತಾರೆ, ಏನೂ ಹೇಳದವರೂ ಇರುತ್ತಾರೆ. ನೋವು ಜಾಸ್ತಿ ಇರುವಾಗಲೂ ಪಕ್ಕದ ಹಾಸಿಗೆಯವನಿಗೆ ನೀರು ಸಿಕ್ಕಿತಾ ಅಂತ ಕೇಳುವವರು ಕೆಲವರು. ಗಲಾತ್ಯರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮರ ಫಲಗಳನ್ನು ಹೇಳುವಾಗ ಪೌಲ ದರ್ಶನ, ಪುಳಕ ಅಂತೆಲ್ಲ ಹೇಳೋದಿಲ್ಲ. ಪ್ರೀತಿ, ಆನಂದ, ಶಾಂತಿ, ತಾಳ್ಮೆ, ದಯೆ ಅಂತ ಹೇಳುತ್ತಾನೆ. ಅವು ನಮಗೆ ಕಾಣುವುದಕ್ಕಿಂತ ಪಕ್ಕದವರಿಗೆ ಮೊದಲು ಕಾಣುತ್ತವೆ. ನಮ್ಮನ್ನು ನಾವೇ ಅಳೆಯುತ್ತಾ ಕೂತರೆ ಬೀಜ ಮೊಳೆತಿದೆಯಾ ಅಂತ ದಿನಾ ಮಣ್ಣು ಕೆದಕಿ ನೋಡಿದ ಹಾಗೆ.

ಶಿಲುಬೆ ಹಾದಿ ವಾಚಕ

ತಮ್ಮಾ, ನರ್ಸ್ ಅಕ್ಕ ಹೇಳಿದ ಹಾಗೇ ಮಾಡು. ಶುಕ್ರವಾರ ಶಿಲುಬೆ ಹಾದಿಗೆ ಬರೋಕೆ ಆದರೆ ಬಾ, ಆಗದಿದ್ದರೂ ಪರವಾಗಿಲ್ಲ. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಹದಿನಾಲ್ಕು ಸ್ಥಳಗಳಲ್ಲಿ ಮೂರು ಕಡೆ ಅವರು ಬೀಳುತ್ತಾರೆ. 3, 7, 9. ಬಿದ್ದದ್ದನ್ನು ನಾವು ಮುಚ್ಚಿಡುವುದಿಲ್ಲ, ನಿಂತು ಮೊಣಕಾಲೂರಿ ಪ್ರಾರ್ಥಿಸುತ್ತೇವೆ. ಐದನೇ ಸ್ಥಳದಲ್ಲಿ ಸಿರೇನಿನ ಸಿಮೋನ ಬರುತ್ತಾನೆ. ಅವನು ತಾನಾಗಿ ಬಂದವನಲ್ಲ, ಹೊಲದ ಕಡೆಯಿಂದ ಬರುತ್ತಿದ್ದವನನ್ನು ಸೈನಿಕರು ಬಲವಂತವಾಗಿ ಹಿಡಿದರು. ಮಾರ್ಕ ಅವನನ್ನು ಅಲೆಕ್ಸಾಂಡರ್ ಮತ್ತು ರೂಫನ ತಂದೆ ಅಂತ ಗುರುತಿಸುತ್ತಾನೆ. ಅಂದರೆ ಆ ಮಕ್ಕಳು ಮಾರ್ಕನ ಓದುಗರಿಗೆ ಗೊತ್ತಿದ್ದವರಾಗಿರಬೇಕು. ಮನಸ್ಸಿಲ್ಲದೆ ಹೊತ್ತವನ ಮನೆಯಲ್ಲೂ ಏನೋ ಆಗಿದೆ. ಇಷ್ಟಪಟ್ಟು ಹೊತ್ತರೆ ಮಾತ್ರ ಫಲ ಅಂತ ಅಂದುಕೊಂಡು ಒದ್ದಾಡುವವರಿಗೆ ಈ ಸ್ಥಳವನ್ನು ಓದುವಾಗ ನಾನು ಸ್ವಲ್ಪ ನಿಧಾನ ಮಾಡುತ್ತೇನೆ.

ಕಿಟಕಿ ಪಕ್ಕ

ನಾಳೆ ಗುರುಗಳಿಗೆ ಫೋನ್ ಮಾಡಬೇಕು ಅಂತಿದ್ದೇನೆ. ಎರಡು ಪ್ರಶ್ನೆ ಉಳಿದಿವೆ. ಅಮ್ಮನಿಗೆ ಎಣ್ಣೆ ಹಚ್ಚುವ ಸಂಸ್ಕಾರ ಈಗಲೇ ಕೊಡಿಸಬಹುದಾ? ಸಾಯುವ ಹೊತ್ತಿನಲ್ಲಿ ಮಾತ್ರ ಅಂತ ನೆಂಟರು ಹೆದರುತ್ತಿದ್ದಾರೆ. ಆಮೇಲೆ, ಪವಿತ್ರ ವಾರದಲ್ಲಿ ಮನೆಗೆ ಪರಮ ಪ್ರಸಾದ (ಪೂಜೆಯಲ್ಲಿ ಅರ್ಪಿಸಿದ ರೊಟ್ಟಿ) ತರುತ್ತಾರಾ? ಅಮ್ಮನಿಗೆ ನುಂಗೋದು ಕಷ್ಟ.

ಜ್ಞಾನೋಪದೇಶದ ಟೀಚರ್

ಖಂಡಿತ ಕೊಡಿಸಬಹುದು. ಇದು ಸಾಯುವ ಗಳಿಗೆಗೆ ಮಾತ್ರ ಮೀಸಲಾದ ಸಂಸ್ಕಾರ ಅಲ್ಲ ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ. ರೋಗದಿಂದಲೋ ಮುಪ್ಪಿನಿಂದಲೋ ಅಪಾಯ ಶುರುವಾದಾಗಲೇ ಸರಿಯಾದ ಸಮಯ. ರೋಗ ಹೆಚ್ಚಾದರೆ ಮತ್ತೆ ಪಡೆಯಬಹುದು. ನೆಂಟರಿಗೆ ಯಕೋಬನ ಪತ್ರದ ಐದನೇ ಅಧ್ಯಾಯ ತೋರಿಸಿ, ನಿಮ್ಮಲ್ಲಿ ಯಾರಾದರೂ ರೋಗಿ ಇದ್ದರೆ ಸಭೆಯ ಹಿರಿಯರನ್ನು ಕರೆಸಲಿ ಅಂತ ಇದೆ.

ಪರಮ ಪ್ರಸಾದ ಪವಿತ್ರ ಗುರುವಾರವೂ ಶುಭ ಶುಕ್ರವಾರವೂ ರೋಗಿಗಳಿಗೆ ಯಾವ ಹೊತ್ತಿನಲ್ಲಾದರೂ ತರಬಹುದು. ಪವಿತ್ರ ಶನಿವಾರ ಮಾತ್ರ ಸಾವಿನ ಅಂಚಿನಲ್ಲಿ ಇರುವವರಿಗಷ್ಟೇ. ಹಾಗಾಗಿ ಗುರುವಾರವೋ ಶುಕ್ರವಾರವೋ ಬರೋಕೆ ಕೇಳಿಕೊಳ್ಳಿ. ಸಣ್ಣ ಚೂರು ಸಾಕು, ಅದರಲ್ಲಿ ಪೂರ್ತಿ ಕ್ರಿಸ್ತರೇ ಇದ್ದಾರೆ. ಅದೂ ನುಂಗೋಕೆ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡೋಕೂ ಅವಕಾಶ ಇದೆ, ಮೊದಲೇ ಹೇಳಿದರೆ ಗುರುಗಳು ಸಿದ್ಧ ಮಾಡಿಕೊಳ್ಳುತ್ತಾರೆ.

ಇನ್ನೊಂದು, ಇದು ನಿಮಗೆ. ಪರಮ ಪ್ರಸಾದಕ್ಕೆ ಮೊದಲು ಒಂದು ಗಂಟೆ ಏನೂ ತಿನ್ನಬಾರದು ಅನ್ನುವ ನಿಯಮ ಇದೆಯಲ್ಲ, ಅದರಿಂದ ರೋಗಿಗಳಿಗೂ ವಯಸ್ಸಾದವರಿಗೂ ವಿನಾಯಿತಿ ಇದೆ. ಕಾನೂನು ಸಂಹಿತೆಯ 919ನೇ ವಿಧಿ ಓದಿದರೆ ಅಲ್ಲಿ ಇನ್ನೂ ಒಬ್ಬರನ್ನು ಸೇರಿಸಿದ್ದಾರೆ, ಅವರನ್ನು ನೋಡಿಕೊಳ್ಳುವವರನ್ನು. ಗುರುಗಳು ಬಂದ ದಿನ ನೀವೂ ಅಮ್ಮನ ಜೊತೆಗೇ ಪ್ರಸಾದ ಸ್ವೀಕರಿಸಿ. ಅವರು ಬರುವ ಹೊತ್ತು ಗೊತ್ತಾದರೆ ಇಲ್ಲಿ ತಿಳಿಸಿ, ಆ ರಾತ್ರಿ ಅಮ್ಮನ ಹತ್ತಿರ ಇರೋಕೆ ನಾನು ಬರುತ್ತೇನೆ.